ಮೂರನೆಯ ಖಾನೆ

ಡಾಕ್ಟರಿಕೆ ಪಾಸಾಗಿ ಹೈದರಾಬಾದಿನಿಂದ ಬಂದ ಹೊಸತರಲ್ಲಿ ನನ್ನನ್ನು ಕೊಪ್ಪಳದ ಸೀಮೆಯ ಒಂದು ದವಾಖಾನೆಗೆ ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಆಗಿನವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ನಿಜಾಮರ ಕಾಲ. ಹೊಸ ಡಾಕ್ಟರು ಆರು ತಿಂಗಳು ಹಿರಿಯರ ಕೈಕೆಳಗೆ ಕೆಲಸ ಕಲಿಯಬೇಕು ಎಂಬ ಕಟ್ಟಳೆಯಿತ್ತು. ಕಲಿಯುವುದೆಂದರೇನು, ಹಿರಿಯರಿಗೆ ಬೇಡವಾದದ್ದನ್ನೆಲ್ಲ ಮಾಡುವುದು. ನಮ್ಮಲ್ಲಿ ಯಾರಿಗೂ ಬೇಡವಾದದ್ದೆಂದರೆ ಹಿತ್ತಲಿನ ಮೂರು ಖೋಲಿಗಳು. ಕಿಟಕಿಗೆ ಸರಳು, ಬಾಗಿಲಿಗೆ ಹೊರಗಿನಿಂದ ಚಿಲಕ. ಬುದ್ಧಿ ಕೆಟ್ಟವರನ್ನು ಅಲ್ಲಿ ಹತ್ತು ದಿನ ಇಟ್ಟು ನೋಡಬೇಕು. ಗುಣವಾದರೆ ಮನೆಗೆ, ಇಲ್ಲದಿದ್ದರೆ ಪೊಲೀಸರ ಜೊತೆ ರೈಲು ಹತ್ತಿಸಿ ದೂರದ ಹುಚ್ಚಾಸ್ಪತ್ರೆಗೆ. ಹಾಗೆ ಹೋದವರು ತಿರುಗಿ ಬಂದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಮನಸ್ಸಿನ ರೋಗದ ಬಗ್ಗೆ ನನಗಿದ್ದ ವಿದ್ಯೆ ಅಷ್ಟಕ್ಕಷ್ಟೆ. ಕಾಲೇಜಿನಲ್ಲಿ ಉರ್ದುವಿನಲ್ಲಿ ನಾಲ್ಕಾರು ಪಾಠ ಕೇಳಿದ್ದೆ, ಪರೀಕ್ಷೆಗೆ ಉರು ಹೊಡೆದಿದ್ದೆ. ಇಲ್ಲಿ ಬೆಳಗಾದರೆ ಅಂಗಳದ ತುಂಬ ಚಳಿಜ್ವರದವರು, ಕುರುವಿನವರು, ಚೇಳು ಕಡಿದವರು. ಅವರನ್ನೆಲ್ಲ ನೋಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ತಿರುಗುತ್ತಿತ್ತು. ಆಮೇಲೆ ಹಿತ್ತಲಿಗೆ ಹೋಗಬೇಕು. ಸಾಕಪ್ಪಾ ಸಾಕು ಎನಿಸುತ್ತಿತ್ತು. ಇಪ್ಪತ್ತೈದರ ಹುಡುಗನಿಗೆ ಅರವತ್ತರ ಮುದುಕನ ಕಾಲುಗಳು ಬಂದಿದ್ದವು.

ಹಿತ್ತಲಿನ ಕೆಲಸವನ್ನು ಹಗುರ ಮಾಡಲಿಕ್ಕೆ ಒಂದು ಅಚ್ಚಾದ ಕಾಗದವಿತ್ತು. ಅದರಲ್ಲಿ ನಾಲ್ಕು ಖಾನೆ. ಒಂದನೆಯದು ರೋಗಿಯ ಹೆಸರು, ಎರಡನೆಯದು ಊರು, ಮೂರನೆಯದು ಗಂಡಸಾದರೆ ತಂದೆಯ ಹೆಸರು, ಹೆಂಗಸಾದರೆ ಗಂಡನ ಹೆಸರು, ನಾಲ್ಕನೆಯದು ಇವತ್ತು ಯಾವ ವಾರ ಎಂಬುದು. ದಿನಾ ಕೇಳಬೇಕು, ಹೇಳಿದರು, ಹೇಳಲಿಲ್ಲ ಎಂದು ಬರೆಯಬೇಕು. ಹತ್ತು ದಿನದ ಬರಹ ನೋಡಿ ಹಿರಿಯ ಡಾಕ್ಟರು ರುಜು ಹಾಕುತ್ತಿದ್ದರು.

ಒಂದು ದಿನ ತಾವರಗೇರಾದಿಂದ ಒಬ್ಬ ಬಾಣಂತಿಯನ್ನು ಗಾಡಿಯಲ್ಲಿ ಕಟ್ಟಿ ತಂದರು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಚೊಚ್ಚಲ ಹೆರಿಗೆ, ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಬಾಣಂತಿ ಸನ್ನಿ. ಕೂಸನ್ನು ಬಾವಿಗೆ ಹಾಕುತ್ತೇನೆಂದು ಎತ್ತಿಕೊಂಡು ಓಡಿದ್ದಳಂತೆ. ತಂದವನು ಆಕೆಯ ಮಾವ, ಗಂಡನ ಅಪ್ಪ; ತಲೆಗೆ ರುಮಾಲು ಸುತ್ತಿದ, ಮಾತು ಕಡಿಮೆಯ ಒಕ್ಕಲಿಗ. ಆಕೆಯನ್ನು ಒಳಗೆ ಬಿಟ್ಟು, ಹತ್ತನೆಯ ದಿನ ಬರುತ್ತೇನೆಂದು ಹೇಳಿ ಹೊರಟುಹೋದ. ಆಕೆಯ ತಾಯಿ ಮಾತ್ರ ಕೂಸನ್ನು ಕಟ್ಟಿಕೊಂಡು ಅಂಗಳದ ಬೇವಿನ ಗಿಡದ ಕೆಳಗೆ ಕೂತುಬಿಟ್ಟಳು. ಕೂಸಿಗೆ ಮೇಕೆ ಹಾಲನ್ನು ಅರಿವೆಯಲ್ಲಿ ಅದ್ದಿ ಕುಡಿಸುತ್ತಿದ್ದಳು.

ಮೊದಲ ಮೂರು ದಿನ ಆ ಹುಡುಗಿಯ ಬಾಯಿಗೆ ತಡೆಯೇ ಇರಲಿಲ್ಲ. ಸರಳು ಹಿಡಿದು ಗಂಡನ ಹೆಸರೆತ್ತಿ ಬೈಯುತ್ತಿದ್ದಳು, ಓಣಿಯವರೆಗೂ ಕೇಳುವಂತೆ. ನಾನು ಮೂರನೆಯ ಖಾನೆಯಲ್ಲಿ 'ಹೇಳಿದಳು' ಎಂದು ಬರೆದೆ. ನಾಲ್ಕನೆಯ ದಿನ ಆಕೆ ತಣ್ಣಗಾದಳು. ತಲೆ ಬಾಚಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತನ್ನ ಹೆಸರು ಹೇಳಿದಳು, ಊರು ಹೇಳಿದಳು, ವಾರ ಹೇಳಿದಳು. ಗಂಡನ ಹೆಸರು ಕೇಳಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. 'ಹೇಳಲಿಲ್ಲ' ಎಂದು ಬರೆದೆ. ಐದನೆಯ ದಿನವೂ ಅಷ್ಟೆ, ಆರನೆಯ ದಿನವೂ ಅಷ್ಟೆ. ಏಳನೆಯ ದಿನ 'ಮಂಕು ಹೆಚ್ಚುತ್ತಿದೆ' ಎಂದು ಒಂದು ಸಾಲು ಸೇರಿಸಿದೆ. ಪಾಠದಲ್ಲಿ ಹಾಗೆ ಇತ್ತು: ಕೂಗಾಡುವವರು ಒಮ್ಮೆಲೆ ಮೂಕರಾದರೆ ಲಕ್ಷಣ ಒಳ್ಳೆಯದಲ್ಲ. ಆಕೆಯ ಮುಖವನ್ನು ನಾನು ಸರಿಯಾಗಿ ನೋಡಲೇ ಇಲ್ಲ, ಕಾಗದವನ್ನು ನೋಡುತ್ತಿದ್ದೆ.

ಒಂಬತ್ತನೆಯ ದಿನ ರೈಲಿಗೆ ಕಳಿಸುವ ಕಾಗದಗಳು ತಯಾರಾದವು. ಕೈ ತೊಳೆಯುತ್ತ ಆಯಾಗೆ ಹೇಳಿದೆ. ಆಯಾ ಎಂದರೆ ಹಿತ್ತಲಿನ ಹೆಂಗಸರಿಗೆ ನೀರು, ಗಂಜಿ ನೋಡುತ್ತಿದ್ದ ಕುಷ್ಟಗಿ ಕಡೆಯ ಮುದುಕಿ.

"ಆಕಿ ಅರಿವಿ ಗಂಟ ಕಟ್ಟಬೇ. ನಾಳೆ ಮುಂಜಾನೆ ರೈಲಿಗೆ ಹೋಗಬೇಕು."

"ಯಾಕ್ರೀ? ಆಕಿ ಶಾಣ್ಯಾ ಆಗಿ ಆರ ದಿನ ಆತಲ್ರೀ!"

"ಎಲ್ಲಿ ಶಾಣ್ಯಾ? ಗಂಡನ ಹೆಸರ ಬಾಯಿಗೆ ಬರವಲ್ದು ಆಕಿಗೆ."

ಮುದುಕಿ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. "ಅಯ್ಯ ನನ್ನ ಶಿವನ! ಹುಚ್ಚ ಹಿಡದಾಗ ಹೆಸರ ಹಿಡದು ಒದರತಿದ್ಲು. ಹುಚ್ಚ ಬಿಡ್ತು, ಹೆಸರ ಬಿಟ್ಲು. ಆವತ್ತ ನಾ ದೇವರಿಗೆ ಕೈ ಮುಗದೇನ್ರಿ. ನೀವು ಓದಿದವರು, ನಿಮಗ ತಿಳದಿರತೈತಿ ಅಂತ ಸುಮ್ಮನಿದ್ದೆ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾನೇನು ಲಂಡನ್ನಿನಲ್ಲಿ ಹುಟ್ಟಿದವನೇ? ಯಲಬುರ್ಗಿಯ ಮಣ್ಣಿನಲ್ಲಿ ಆಡಿ ಬೆಳೆದವನು. ನಮ್ಮ ಓಣಿಯಲ್ಲಿ ಯಾವ ಹೆಂಗಸು ಗಂಡನ ಹೆಸರು ಹೇಳಿದ್ದನ್ನು ಕೇಳಿದ್ದೆ? ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ತಿಳಿಯದೆ ಒದ್ದೆ ಕೈಯಲ್ಲೇ ಹಿರಿಯ ಡಾಕ್ಟರ ಬಳಿಗೆ ಓಡಿದೆ.

ಅವರು ಹೈದರಾಬಾದಿನವರು, ಕೆಟ್ಟವರಲ್ಲ, ನನಗಿಂತ ಇಪ್ಪತ್ತು ವರ್ಷ ಹೆಚ್ಚು ದಣಿದವರು. ಎಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಉರ್ದುವಿನಲ್ಲಿ ಹೇಳಿದರು: ನಮ್ಮ ಮನೆಯವಳೂ ನನ್ನ ಹೆಸರು ಹೇಳುವುದಿಲ್ಲ. ಆದರೆ ಕಾಗದಕ್ಕೆ ಅದು ಗೊತ್ತಿಲ್ಲವಲ್ಲ. ಆರು ದಿನ 'ಹೇಳಲಿಲ್ಲ' ಎಂದು ನೀನೇ ಬರೆದಿದ್ದೀಯ. ನಾಳೆ ನನ್ನ ಮುಂದೆ, ಅವಳ ಮನೆಯವರ ಮುಂದೆ ನಾಲ್ಕಕ್ಕೂ ಉತ್ತರ ಹೇಳಲಿ, ಬಿಟ್ಟುಬಿಡೋಣ. ಹೇಳದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮಾವ ಗಾಡಿ ಹೊಡೆದುಕೊಂಡು ಬಂದ. ಹಿರಿಯರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಟ್ಟೆಯ ಕೆಳಗೆ ಮಾವ, ಅವನ ಪಕ್ಕಕ್ಕೆ ಕೂಸನ್ನೆತ್ತಿಕೊಂಡ ತಾಯಿ. ಆಯಾ ಹುಡುಗಿಯನ್ನು ಕರೆತಂದು ನಿಲ್ಲಿಸಿದಳು. ನಾನು ಕೇಳಿದೆ. ಹೆಸರು ಹೇಳಿದಳು. ಊರು ಹೇಳಿದಳು. ಮೂರನೆಯದಕ್ಕೆ ಸೆರಗು ಬಾಯಿಗೆ ಹೋಯಿತು.

"ಹೇಳವಾ ತಂಗಿ," ಎಂದೆ. ನನ್ನ ದನಿ ನನಗೇ ಅಸಹ್ಯವಾಗಿತ್ತು. "ಒಂದ ಸಲ ಹೇಳು. ಹೇಳಿದ್ರ ಕೂಸಿನ ಕೂಡ ಮನಿಗೆ ಹೋಗ್ತಿ. ಇಲ್ಲಂದ್ರ ರೈಲು."

ಅಷ್ಟರಲ್ಲಿ ಕೂಸು ಅತ್ತಿತು. ಹತ್ತು ದಿನದ ಮೇಲೂ ಆಕೆಯ ಕುಪ್ಪಸ ಒದ್ದೆಯಾದದ್ದು ಎಲ್ಲರಿಗೂ ಕಂಡಿತು. ಆಕೆ ಸೆರಗು ತೆಗೆದಳು. ಮಾವನ ಎದುರಿಗೆ ನಿಂತು, ಗಂಡನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಆ ಹೆಸರನ್ನು ನಾನಂತೂ ಇಲ್ಲಿ ಬರೆಯುವುದಿಲ್ಲ. ನಾಲ್ಕನೆಯದಕ್ಕೆ 'ಸೋಮವಾರ' ಎಂದಳು. ಹಿರಿಯರು ಬಿಡುಗಡೆಯ ರುಜು ಹಾಕಿದರು.

ಮಾವ ಎದ್ದು ನಿಂತ. "ಇನ್ನೂ ಹುಚ್ಚ ಬಿಟ್ಟಿಲ್ಲರೀ ಸಾಹೇಬ್ರ ಆಕಿಗೆ. ಮಾವನ ಮುಂದ ನಿಂತು ಗಂಡನ ಹೆಸರ ಹಿಡದಾಳ. ಕಳಿಸಿಬಿಡ್ರಿ ರೈಲಿಗೆ." ಅಂದವನೇ ಎತ್ತು ಹೂಡಲು ಹೊರಟ. ತಾಯಿ ಗೊಳೋ ಎಂದು ಅತ್ತಳು. ಹುಡುಗಿ ಅಳಲಿಲ್ಲ. ಕೂಸಿನ ಕಡೆ ಒಂದು ಹೆಜ್ಜೆ ಇಟ್ಟಳು.

ನಾನು ಕಟ್ಟೆ ಇಳಿದು ಗಾಡಿಯ ಹತ್ತಿರ ಹೋದೆ. "ಯಜಮಾನ್ರ, ಆಕಿ ತಪ್ಪಲ್ಲ. ನಾ ಹೇಳಸೀನಿ. ಆಕಿ ಆರ ದಿನದಿಂದ ಶಾಣ್ಯಾ ಅದಾಳ. ಹೆಸರ ಹೇಳವಲ್ಲಳು ಅಂತ ನಾನ ಹುಚ್ಚಿ ಅಂತ ಬರದೆ. ಈಗ ಕೂಸಿನ ಸಲುವಾಗಿ ಹೇಳ್ಯಾಳ."

ಅವನು ನೊಗ ಹಿಡಿದುಕೊಂಡೇ ನನ್ನನ್ನು ನೋಡಿದ. "ಆರ ದಿನದಿಂದ ಶಾಣ್ಯಾ ಇದ್ಲೇನ್ರಿ?"

"ಇದ್ಲು."

"ಮತ್ತ ಯಾಕ ಕೂಡಿ ಹಾಕಿದ್ರಿ?"

"ದಣದಿದ್ದೆ," ಎಂದೆ.

"ದಣಿವು ನಮಗೂ ಆಗತೈತ್ರಿ," ಎಂದ ಅವನು. "ಹಂಗಂತ ಎತ್ತಿಗೆ ನೀರ ಕುಡಸೂದು ಮರಿಯೂದಿಲ್ಲ." ನನ್ನ ಮುಖಕ್ಕೆ ಉಗುಳಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎತ್ತಿನ ಬೆನ್ನು ಸವರಿದ. ಆಮೇಲೆ ತಿರುಗಿ ಕೂಗಿದ: "ಬೀಗತ್ಯಾರ, ಅಳೂದು ಸಾಕ ಮಾಡ್ರಿ. ಕೂಸನ್ನ ಆಕಿ ಕೈಯಾಗ ಕೊಡ್ರಿ, ಗಾಡಿ ಹತ್ರಿ. ಬಿಸಲ ಏರತೈತಿ."

ಹುಡುಗಿ ಕೂಸನ್ನು ಎದೆಗೆ ಹಾಕಿಕೊಂಡು ಗಾಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಳು. ಗಾಡಿ ಅಲ್ಲಾಡುವ ಹೊತ್ತಿಗೆ ನನ್ನನ್ನು ಮೊದಲ ಸಲ ನೇರವಾಗಿ ನೋಡಿದಳು.

"ಸಾಹೇಬ್ರ, ನಿಮ್ಮವ್ವನ್ನ ಹಿಂಗ ಕೇಳೀರೇನು?"

ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಗಾಡಿ ಬೇವಿನ ಗಿಡ ದಾಟಿ ಹೋಯಿತು. ಅಂಗಳದಲ್ಲಿ ಚಳಿಜ್ವರದವರು ಆಗಲೇ ಸಾಲು ಕೂತಿದ್ದರು. ನಾನು ಒಳಗೆ ಹೋಗಿ ಅವರ ನಾಲಿಗೆ ನೋಡತೊಡಗಿದೆ.

ಆ ತಿಂಗಳ ಕೊನೆಗೆ ಎರಡು ದಿನ ರಜೆ ಸಿಕ್ಕಿತು. ಯಲಬುರ್ಗಿಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಯಾರೊಂದಿಗೋ ಮಾತಿಗೆ ಕೂತಿದ್ದ.

"ಅವರನ್ನ ಕರಿಯಪಾ," ಎಂದಳು. "ರೊಟ್ಟಿ ಆರತಾವು."

ಏನಾಯಿತೋ, ನನ್ನ ಬಾಯಿಂದ ಬಂದುಬಿಟ್ಟಿತು. "ಅವ್ವಾ, ಅಪ್ಪನ ಹೆಸರೇನಬೇ?"

ಅವ್ವ ಹಿಟ್ಟಿನ ಕೈಯನ್ನೂ ಮರೆತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಲೆ ತಗ್ಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದೇ ಸೆರಗು, ಅದೇ ತಲೆ. ನಾನು ಆರು ದಿನ 'ಹೇಳಲಿಲ್ಲ' ಎಂದು ಬರೆದದ್ದು ಇದನ್ನೇ.

"ಹುಚ್ಚ ಹಿಡದೈತೇನೋ ನಿನಗ?" ಎಂದಳು ಅವ್ವ, ನಗುತ್ತಲೇ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕೋ ಅಳ್ತಿ?"