ಪ್ರಸಂಗಪೀಠದ ಹಲಗೆಗಳು

ಮದುವೆಯಾದ ಮರುವರ್ಷವೇ ನನ್ನ ಗಂಡನನ್ನು ಜೇವರ್ಗಿ ತಾಲೂಕಿನ, ಭೀಮಾ ದಂಡೆಗೆ ಹತ್ತಿರದ ಹಳ್ಳಿಯೊಂದಕ್ಕೆ ಪಾಸ್ಟರ್ ಮಾಡಿ ಕಳಿಸಿದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚರ್ಚಿನ ಬೆನ್ನಿಗೆ ಅಂಟಿಕೊಂಡಂತಿದ್ದ ಎರಡು ಕೋಣೆಗಳೇ ನಮ್ಮ ಮನೆ. ಮಗಳು ಹುಟ್ಟಿದ್ದೂ ಅಲ್ಲೇ.

ಚರ್ಚು ನಿಜಾಮರ ಕಾಲದಲ್ಲಿ ಮಿಷನ್ನಿನವರು ಕಟ್ಟಿಸಿದ್ದು. ದಪ್ಪನೆಯ ಕರಿಕಲ್ಲಿನ ಗೋಡೆ, ಕಮಾನಿನ ಕಿಟಕಿ, ತೊಲೆಗಳ ಮೇಲೆ ಫರಸಿ ಹಾಸಿ ಮಣ್ಣು ಬಡಿದ ಮಾಳಿಗೆ. ಬೆಂಚುಗಳಿರಲಿಲ್ಲ, ಜಮಖಾನೆ ಹಾಸಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಿದ್ದೆವು. ಪ್ರಭುಭೋಜನದ ಮೇಜು ಕೂಡ ಕಲ್ಲಿನದೇ, ಅದರ ಮುಂದೆ ಮೊಣಕಾಲೂರಲು ಕಬ್ಬಿಣದ ಕಟಕಟೆ. ಬಾಗಿಲನ್ನು ಗೆದ್ದಲು ತಿಂದದ್ದರಿಂದ ತಗಡು ಹೊಡೆಸಿದ್ದರು. ಮಾಳಿಗೆಯ ತೊಲೆ ಬಿಟ್ಟರೆ ಗಟ್ಟಿ ಮರದ್ದು ಅಂತ ಒಳಗೆ ಇದ್ದದ್ದು, ಪಾಸ್ಟರ್ ನಿಂತು ಉಪದೇಶ ಮಾಡುವ ಪ್ರಸಂಗಪೀಠ ಒಂದೇ. ಆರು ಮೂಲೆಯ ಸಾಗುವಾನಿ ಪೀಠ, ಹತ್ತಲು ಮೂರು ಮೆಟ್ಟಿಲು, ಸುತ್ತಲಿನ ಹಲಗೆಗಳ ಮೇಲೆ ದ್ರಾಕ್ಷಿ ಗೊಂಚಲಿನ ಕೆತ್ತನೆ. ಊರಿನ ಕ್ರೈಸ್ತ ಸಭೆಗೆ ಅದು ದೊಡ್ಡ ಹೆಮ್ಮೆ. ಕ್ರಿಸ್ಮಸ್ ಹತ್ತಿರ ಬಂದರೆ ಹೆಂಗಸರೆಲ್ಲ ಸೇರಿ ಕುಸುಬೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆವು. ಮಗಳು ಅದರೊಳಗೆ ಹತ್ತಿ ಕೂತು, ತನ್ನನ್ನು ಹುಡುಕೆಂದು ನನ್ನನ್ನು ಕೂಗುತ್ತಿದ್ದಳು.

ಅವಳಿಗೆ ಮೂರು ತುಂಬಿದ ಮಳೆಗಾಲ. ಮುಗಿಲು ಹರಿದಂತೆ ಮಳೆ ಹಿಡಿದಿತ್ತು. ಒಂದು ಮುಂಜಾನೆ ಅವಳಿಗೆ ವಾಂತಿಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದವು. ಗಂಡ ಅವಳನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಜೇವರ್ಗಿಯ ದವಾಖಾನೆಗೆಂದು ಹೊರಟರು. ದಾರಿಯ ಹಳ್ಳ ದಂಡೆ ಮೀರಿ ಹರಿಯುತ್ತಿತ್ತು, ಬಸ್ಸು ಆಚೆಯ ಊರಲ್ಲೇ ನಿಂತಿತ್ತು. ನೀರು ಇಳಿಯಲೆಂದು ಸಂಜೆಯವರೆಗೆ ಆ ದಂಡೆಯ ಮೇಲೆ ಕಾದು, ಅವಳನ್ನು ಹಾಗೆಯೇ ಹೊತ್ತು ತಂದರು. ನಾನು ಸಕ್ಕರೆ ಉಪ್ಪಿನ ನೀರನ್ನು ಚಮಚೆಯಲ್ಲಿ ಹಾಕುತ್ತಲೇ ಇದ್ದೆ, ಅದು ಬಾಯಿಯ ಅಂಚಿನಿಂದ ಹೊರಗೆ ಹರಿಯುತ್ತಲೇ ಇತ್ತು. ಬೆಳಗಾಗುವಾಗ ನನ್ನ ತೊಡೆಯ ಮೇಲೆ ಅವಳ ಉಸಿರು ನಿಂತಿತು.

ಗಂಡಸರು ಕುಣಿ ತೋಡಲು ಹೋದರು. ಸ್ವಲ್ಪ ಹೊತ್ತಿಗೆ ಸಭೆಯ ಹಿರಿಯರೊಬ್ಬರು ಕೆಸರು ಕಾಲಲ್ಲಿ ತಿರುಗಿ ಬಂದು ನನ್ನ ಗಂಡನ ಕಿವಿಯಲ್ಲಿ ಏನೋ ಹೇಳಿದರು. ನಾನು ಎದ್ದು ಹೋಗಿ ನೋಡಿದೆ. ಎರೆಮಣ್ಣಿನ ಆ ಕುಣಿಯಲ್ಲಿ ಕೊಡದಿಂದ ಎಷ್ಟು ಮೊಗೆದರೂ ಕರಿ ನೀರು ಮತ್ತೆ ತುಂಬುತ್ತಿತ್ತು. ನಮ್ಮ ಸಭೆಯಲ್ಲಿ ಹೆಚ್ಚಿನವರು ಬರೀ ಬಟ್ಟೆಯಲ್ಲಿ ಸುತ್ತಿ ಮಣ್ಣು ಕೊಡುತ್ತಿದ್ದರು.

"ನನ್ನ ಕೂಸಿಗಿ ನೀರಾಗ ಇಡಾಕ ನಾ ಬಿಡಂಗಿಲ್ರಿ," ಅಂದೆ. "ಪೆಟ್ಟಿಗಿ ಮಾಡಸ್ರಿ."

ಬಡಿಗನನ್ನು ಕರೆಸಿದರು. ಅವನ ಬಳಿ ಇದ್ದದ್ದು ಇನ್ನೂ ಸೀಳದ ಹಸಿ ಜಾಲಿಯ ಬೊಡ್ಡೆಗಳು. ಮನೆಮನೆ ಕೇಳಿ ಬಂದರು, ಹಲಗೆ ಸಿಗಲಿಲ್ಲ. ಹಳ್ಳ ದಾಟಿ ತರುವಂತಿರಲಿಲ್ಲ. ನಾನು ಕುಣಿ ತೋಡಲು ತಂದಿದ್ದ ಹಾರೆಯನ್ನು ಎತ್ತಿಕೊಂಡು ಚರ್ಚಿನೊಳಗೆ ಹೋದೆ. ಎಲ್ಲರೂ ಹಿಂದೆ ಬಂದರು. ಪೀಠದ ಮುಂದೆ ನಿಂತಾಗ ಯಾರೂ ಏನೂ ಕೇಳಬೇಕಾಗಲಿಲ್ಲ. ದೇವರ ಪೀಠಕ್ಕೆ ತನ್ನ ಕೈ ಏಳುವುದಿಲ್ಲವೆಂದು ಬಡಿಗ ಹಿಂದೆ ಸರಿದ.

ಗಂಡ ನನ್ನ ಕೈಯಿಂದ ಹಾರೆ ತೆಗೆದುಕೊಂಡರು. ನನ್ನನ್ನು ತಡೆಯುತ್ತಾರೆಂದುಕೊಂಡೆ. ಅವರು ಅದರ ಮೊನೆಯನ್ನು ಹಲಗೆಯ ಸಂದಿಗೆ ಇಟ್ಟರು.

"ಪಾಸ್ಟರ್ ಸಾಹೇಬ್ರ, ಇದು ಪ್ರತಿಷ್ಠೆ ಮಾಡಿದ್ದದ," ಎಂದರು ಹಿರಿಯರು. "ನಾಳಿ ಮ್ಯಾಲಿನವ್ರಿಗಿ ಏನಂತ ಹೇಳ್ತೀರಿ?"

"ನೀವರೆ ಹೇಳ್ರಿ," ಅಂದರು ಗಂಡ. "ಕೂಸಿಗಿ ಯಾತರಾಗ ಇಡಲಿ?"

ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೊದಲ ಹಲಗೆ ಕಿತ್ತು ಬಂದಾಗ ಆ ಕಲ್ಲಿನ ಕಟ್ಟಡದೊಳಗೆ ಎಂಥ ಸದ್ದಾಯಿತೆಂದರೆ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು. ಮೊದಲನೆಯದು ಮುರಿದ ಮೇಲೆ ಬಡಿಗ ಉಳಿದದ್ದನ್ನು ಬಿಚ್ಚಿ, ಕೂಸಿನಳತೆಗೆ ಕೂಡಿಸಿದ. ದ್ರಾಕ್ಷಿಯ ಹಲಗೆ ಮುಚ್ಚಳವಾಯಿತು.

ಆದರೆ ಕುಣಿಗೆ ಇಳಿಸಿದ ಪೆಟ್ಟಿಗೆ ಕೆಳಗೆ ಹೋಗಲಿಲ್ಲ. ನೀರಿನ ಮೇಲೆ ತೇಲಿತು. ಹೀಗಾಗುತ್ತದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ಇಬ್ಬರು ಓಡಿಹೋಗಿ ಫರಸಿ ಕಲ್ಲುಗಳನ್ನು ತಂದು ಮುಚ್ಚಳದ ಮೇಲೆ ಹೇರಿದರು. ಆಗ ಅದು ಒಂದು ಮಗ್ಗುಲಿಗೆ ವಾಲಿ, ಗುಳುಗುಳು ಎನ್ನುತ್ತ ಮುಳುಗಿತು. ನೀರು ಒಳಗೆ ಹೋಗುವುದನ್ನು ನಾನು ಕೇಳಿಸಿಕೊಂಡೆ. ನನ್ನ ಗಂಡನಿಗೆ ಮಣ್ಣು ಕೊಡುವಾಗಿನ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಹಿರಿಯರೇ ತಡವರಿಸುತ್ತ ಮುಗಿಸಿದರು.

ಮಳೆ ನಿಂತ ಮೇಲೆ ಚರ್ಚಿನ ಮೇಲಧಿಕಾರಿಗಳು ಬಂದರು. ಸಭೆಯ ಆಸ್ತಿಯನ್ನು ಕೇಳದೆ ಮುರಿದದ್ದೇಕೆಂದು ವಿಚಾರಿಸಿದರು. ಹಿರಿಯರು ನಮ್ಮ ಪರವಾಗಿ ಬಹಳ ಮಾತಾಡಿದರಂತೆ. ಹಾಗಿದ್ದರೂ ನಮ್ಮನ್ನು ಆಳಂದದ ಕಡೆಗೆ ವರ್ಗ ಮಾಡಿದರು. ಅಲ್ಲಿಯ ಚರ್ಚಿನಲ್ಲಿ ಸಾಲುಸಾಲು ಬೆಂಚುಗಳಿದ್ದವು, ಪಾಲಿಶ್ ಮಾಡಿದ ಎತ್ತರದ ಪೀಠವಿತ್ತು. ನಾನು ಒಳಗೆ ಕಾಲಿಡಲಿಲ್ಲ. ಭಾನುವಾರ ಅವರು ಪ್ರಸಂಗ ಮಾಡುವಾಗ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ. ಜನ ಆಡಿಕೊಂಡರು.

"ಒಮ್ಮಿ ಒಳಗ ಬಾ," ಅಂದರು ಗಂಡ ಒಂದು ದಿನ, ಊಟಕ್ಕೆ ಕೂತಾಗ.

"ಒಳಗ ಬಂದು ಯಾರಿಗಿ ಏನ್ ಕೇಳ್ಲಿ?" ಅಂದೆ.

ಅವರು ಮತ್ತೆ ಕರೆಯಲಿಲ್ಲ. ಅವರು ಅಲ್ಲಿ ಏನನ್ನು ನಂಬಿ ನಿಂತು ಮಾತಾಡುತ್ತಿದ್ದರೋ ನಾನೂ ಕೇಳಲಿಲ್ಲ. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ಮೂವತ್ತು ವರ್ಷ ಕಳೆದು, ಅವರು ನಿವೃತ್ತರಾದ ಮೇಲೆ, ಇಬ್ಬರೂ ಆ ಹಳ್ಳಿಗೆ ಹೋದೆವು. ಕಲ್ಲಿನ ಕಟ್ಟಡ ಕೆಡವಿ ಆರ್‌ಸಿಸಿ ಚರ್ಚು ಕಟ್ಟಿದ್ದರು. ಟೈಲ್ಸ್, ಟ್ಯೂಬ್‌ಲೈಟು, ಮೈಕು. ಈಗಿನ ಪಾಸ್ಟರ್ ಹೆಂಡತಿ, ಇನ್ನೂ ಎಳೆ ವಯಸ್ಸಿನವಳು, ಎಲ್ಲವನ್ನೂ ಸಂಭ್ರಮದಿಂದ ತೋರಿಸಿದಳು. ಹಳೆಯ ಚರ್ಚು ಹೇಗಿತ್ತೆಂದು ಕೇಳಿದಳು. ಕಮಾನುಗಳ ಬಗ್ಗೆ ಹೇಳಿದೆ, ಗೋಡೆಗಳ ಬಗ್ಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದೆ.

ಆಮೇಲೆ ಸ್ಮಶಾನಕ್ಕೆ ಹೋದೆವು. ಬೇಸಿಗೆಯ ಎರೆನೆಲ ಬಾಯಿ ಬಿಟ್ಟಿತ್ತು. ಎಲ್ಲಿ ನೋಡಿದರೂ ಜಾಲಿಕಂಟಿ. ಗುರುತಿಗೆ ನೆಟ್ಟ ಕಲ್ಲು ಮಣ್ಣಿನೊಳಗೆ ಇಳಿದುಹೋಗಿತ್ತೋ, ಯಾರಾದರೂ ಕಿತ್ತೊಯ್ದಿದ್ದರೋ, ತಿಳಿಯಲಿಲ್ಲ. ಅವರು ಬೇಲಿಯ ಕಡೆಯಿಂದ ಹುಡುಕಿದರು, ನಾನು ಬಾವಿಯ ಕಡೆಯಿಂದ. ಇಲ್ಲೇ ಇರಬೇಕು ಎಂದು ನಾನೊಂದು ಕಡೆ ನಿಂತೆ. ಅಲ್ಲಲ್ಲ, ಇಲ್ಲಿ ಎಂದು ಅವರು ಇನ್ನೊಂದು ಕಡೆ ನಿಂತರು. ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಹಾಗೆ ಬೇರೆಬೇರೆ ಕಡೆಯೇ ನಿಂತಿದ್ದೆವು.