ಊಟದ ಚೀಟಿ ಹೇಳಿದ ಊರು

‘ನಿಮ್ಮೂರು ಯಾವುದು?’ ಎಂದು ಯಾರಾದರೂ ಕೇಳಿದರೆ ಇಂದಿಗೂ ನನ್ನ ಬಾಯಿಗೆ ಬರುವುದು ಯಳಂದೂರು ಸೀಮೆ ಎಂದೇ. ಹುಟ್ಟಿದ ಹಳ್ಳಿ ಅಲ್ಲಿದೆ, ಮನೆದೇವರೂ ಅಲ್ಲಿಯೇ. ಆದರೆ ತೆರಿಗೆ ಸಾಹೇಬರ ಎದುರು ಈ ಉತ್ತರ ನಡೆಯುವುದಿಲ್ಲ. ನಾನು ಅದನ್ನು ಕಲಿತ ಬಗೆ ಹೇಳುತ್ತೇನೆ. ವ್ಯಾಪಾರಸ್ಥರು ಕೇಳಿಸಿಕೊಂಡರೆ ನಷ್ಟವೇನಿಲ್ಲ.

ಆಗಿನ್ನೂ ಬ್ರಿಟಿಷರ ಕಾಲ. ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರು ಮಹಾರಾಜರಿಗೆ. ಜಟಕಾ ಹತ್ತಿ ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಸರ್ಕಾರವೇ ಬದಲಾಗುತ್ತಿತ್ತು. ರೇಷ್ಮೆ ಗೂಡಿನ ಮಂಕರಿಯನ್ನು ತಲೆಯ ಮೇಲೆ ಹೊತ್ತು ಬಾಳು ಶುರು ಮಾಡಿದವನು ನಾನು. ಅಷ್ಟು ಹೊತ್ತಿಗೆ ಹಳ್ಳಿಯಲ್ಲಿ ರೇಷ್ಮೆ ನೂಲು ತೆಗೆಯುವ ನಾಲ್ಕು ಚರಕ ಹಾಕಿಸಿದ್ದೆ. ಮೈಸೂರು ಕಡೆಯ ವರ್ತಕರು ಅಲ್ಲಿಗೇ ಬಂದು ನೂಲು ಕೊಳ್ಳುತ್ತಿದ್ದರು. ಕೊಳ್ಳೇಗಾಲದಲ್ಲಿ ಬೇರೆಯೇ ವ್ಯಾಪಾರ: ಮಗ್ಗದವರಿಂದ ಸೀರೆ ಕೊಂಡು ಮಾರುವ ಅಂಗಡಿ. ವಾರಕ್ಕೆ ನಾಲ್ಕು ದಿನ ಅಂಗಡಿಯ ಅಟ್ಟದಲ್ಲಿ ಮಲಗುತ್ತಿದ್ದೆ, ಮೂರು ದಿನ ಹಳ್ಳಿಯಲ್ಲಿ.

ನನ್ನ ಹೆಂಡತಿಗೆ ಕೊಳ್ಳೇಗಾಲದಲ್ಲಿ ಮನೆ ಮಾಡುವ ಆಸೆ. ಹಿತ್ತಿಲಲ್ಲಿ ಬಾವಿ ಇದ್ದ ಒಂದು ಬಾಡಿಗೆ ಮನೆಯನ್ನು ನೋಡಿಯೂ ಇಟ್ಟಿದ್ದಳು.

“ಇನ್ನೆಷ್ಟು ದಿನ ಆ ಓಟ್ಲು ಅನ್ನ ತಿನ್ಕಂಡು ಇದ್ದೀರಿ? ಮನೆ ಮಾಡಿ, ನಾನೂ ಬತ್ತೀನಿ.”

“ಮನೆ ಮಾಡುದ್ರೆ ನಾನು ಆ ಊರೋನೇ ಆಗೋಯ್ತೀನಿ ಕಣೇ. ಆಮೇಲೆ ಇಲ್ಲಿ ಚರಕದ ಲಾಭಕ್ಕೂ ಅಲ್ಲಿ ತೆರಿಗೆ ಕೇಳ್ತಾರೆ. ಮೈಸೂರಿಗೆ ಒಂದ್ಸಲ, ಮದರಾಸಿಗೆ ಒಂದ್ಸಲ!”

ಯಾರೋ ಗುಮಾಸ್ತೆ ಹೇಳಿದ ಅರ್ಧ ಮಾತು ಅದು. ಎರಡು ವರ್ಷ ಅದನ್ನೇ ಹೇಳಿ ಅವಳನ್ನು ತಡೆದಿದ್ದೆ.

ಆ ವರ್ಷ ಕೊಯಮತ್ತೂರಿನಿಂದ ತೆರಿಗೆ ಅಧಿಕಾರಿಯೊಬ್ಬರು ಕೊಳ್ಳೇಗಾಲಕ್ಕೆ ಕ್ಯಾಂಪು ಬಂದರು. ತಮಿಳರು, ಕನ್ನಡ ಚೆನ್ನಾಗಿಯೇ ಕಲಿತಿದ್ದರು. ನನ್ನ ಕಾಗದಗಳನ್ನು ತಿರುವಿ ಹಾಕುತ್ತಾ, “ಎಲ್ಲಿರ್ತೀರಿ ಮೊದಲಾಳಿ?” ಎಂದರು. ಅಂಗಡಿ ಯಜಮಾನರನ್ನು ಅವರ ಕಡೆ ಹಾಗೇ ಕರೆಯುವುದು.

“ನಮ್ಮೂರು ಯಳಂದೂರು ಸೀಮೆ ಸಾ. ಇಲ್ಲಿ ನಂಗೆ ಮನೆಯೇ ಇಲ್ಲ. ಬರೀ ಅಂಗಡಿ.”

ಅವರು ತಲೆಯಾಡಿಸಿ ಬರೆದುಕೊಂಡರು. ಅಲ್ಲಿಗೆ ಎದ್ದು ಬಂದಿದ್ದರೆ ಮುಗಿದಿತ್ತು. ಆದರೆ ಚೌಕಾಸಿ ಮಾಡುವವನಿಗೆ ಕೊಟ್ಟದ್ದು ಸಾಲುವುದಿಲ್ಲ. ಜೇಬಿನಿಂದ, ದಿನಕ್ಕೊಂದರಂತೆ ಕೂಡಿಟ್ಟ ಹೋಟೆಲಿನ ಊಟದ ಚೀಟಿಗಳ ಕಂತೆ ತೆಗೆದು ಮುಂದಿಟ್ಟೆ.

“ಯಾಪಾರಕ್ಕೇ ಅಲ್ವರಾ ಸಾ ಮನೆ ಬುಟ್ಟು ಬಂದು ಓಟ್ಲಲ್ಲಿ ಉಣ್ಣದು? ಇದ್ನೂ ಖರ್ಚಿಗೆ ಸೇರುಸ್ಕಳಿ.”

ಸಾಹೇಬರು ಚೀಟಿಗಳನ್ನು ಒಂದೊಂದಾಗಿ ಎಣಿಸಿದರು. ನನಗೋ ಒಳಗೊಳಗೇ ಖುಷಿ.

“ಇನ್ನೂರ ಎಂಟು ದಿನ. ಎಲ್ಲಾ ನೀವೇ ಉಂಡದ್ದಾ?”

“ನಾನೇ ಸಾ! ಒಂದು ತುತ್ತೂ ಬೇರೆಯೋರ್ಗಿಲ್ಲ.”

“ಸರಿ. ನಿಮ್ಮ ಹೊಟ್ಟೆಗೆ ಹಾಕಿದ್ದು ವ್ಯಾಪಾರದ ಖರ್ಚಲ್ಲ. ಇನ್ನೊಂದು: ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಇಲ್ಲಿದ್ದೀರಿ. ಮನೆ ಇರಲಿ ಬಿಡಲಿ, ನೀವು ಇಲ್ಲಿಯವರೇ. ಇಲ್ಲಿ ದುಡಿದದ್ದಕ್ಕೆ ಯಾರೇ ಆಗಲಿ ಇಲ್ಲಿ ತೆರಿಗೆ ಕಟ್ಟಬೇಕು. ಇಲ್ಲೇ ಇರೋರು ಗಡಿಯಾಚೆ ದುಡಿದದ್ದಕ್ಕೂ ಲೆಕ್ಕ ಹೇಳಬೇಕು. ನಾನು ಕೇಳಿದ್ದು ಊರನ್ನಲ್ಲ ಮೊದಲಾಳಿ, ಇರೋ ಜಾಗ.”

ಗೂಡು ತೂಗುವಾಗ ಕಾಲು ತೊಲ ಬಿಡದ ನಾನು, ವಾರಕ್ಕೆ ನಾಲ್ಕು ದಿನವೆಂದರೆ ಅರ್ಧಕ್ಕಿಂತ ಹೆಚ್ಚು ಎಂಬುದನ್ನೇ ಎಣಿಸಿರಲಿಲ್ಲ! ನನ್ನ ಮುಖ ನೋಡಿ ಅವರಿಗೆ ಮರುಕ ಬಂದಿರಬೇಕು. ಮೈಸೂರಿಗೆ ಚರಕದ ತೆರಿಗೆ ಕಟ್ಟಿದ ರಸೀತಿ ಇದ್ದರೆ ಎರಡು ಕಡೆಯ ಹೊರೆ ಬೀಳದಂತೆ ಇಳಿಸಿಕೊಡುವುದಾಗಿಯೂ, ಶನಿವಾರ ಕ್ಯಾಂಪು ಏಳುವ ಮೊದಲು ಅದನ್ನು ತರಬೇಕೆಂದೂ ಹೇಳಿದರು.

ರಸೀತಿ ಹೆಂಡತಿಯ ಹತ್ತಿರವಿತ್ತು. ಹಳ್ಳಿಗೆ ಓಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ, ಒಲೆಯ ಬೂದಿ ಬಾಚುತ್ತಲೇ ಕೇಳಿದಳು:

“ಅಂಗಾರೆ ಮನೆ ಮಾಡ್ದೇನೇ ಆ ಊರೋರಾಗೋದ್ರಾ?”

“ಊಂ.”

“ಇನ್ನು ಮನೆ ಮಾಡುದ್ರೆ ತೆರಿಗೆ ಇನ್ನೇನಾರ ಜಾಸ್ತಿ ಆದದಾ?”

“ಇಲ್ಲ. ರಸೀತಿ ಕೊಡು.”

“ಕೊಡ್ತೀನಿ. ಆ ಬಾವಿ ಮನೆ ಬೀಗದ ಕೈ ತಕಂಡ್ ಬನ್ನಿ.”

ಇಪ್ಪತ್ತು ವರ್ಷ ಸಂತೆಯಲ್ಲಿ ಕುಳಿತವನು ನಾನು. ಸರಕು ಯಾರ ಕೈಯಲ್ಲಿದೆಯೋ ಬೆಲೆ ಅವರದೇ ಎಂದು ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೇನೋ! ಆದರೂ ಒಂದು ಮಾತು ಆಡಿ ನೋಡಿದೆ: “ಯುಗಾದಿ ಕಳೀಲಿ.”

“ಸಾಯೇಬ್ರು ಯುಗಾದಿ ಗಂಟ ಇದ್ದಾರಾ?”

ಶುಕ್ರವಾರವೇ ಮನೆಯ ಮಾಲೀಕನಿಗೆ ಮುಂಗಡ ಕೊಟ್ಟೆ. ಬಾಡಿಗೆಯಲ್ಲಿ ಎಂಟಾಣೆ ಇಳಿಸಿಕೊಂಡೆ, ಅದಷ್ಟೇ ಆ ವಾರದ ನನ್ನ ಗೆಲುವು. ಚರಕದ ಉಸ್ತುವಾರಿ ಭಾವಮೈದುನನಿಗೆ ಬಿಟ್ಟೆ. ಶನಿವಾರ ಬೆಳಿಗ್ಗೆ ಹೆಂಡತಿ ಪಾತ್ರೆ ಪಡಗದೊಡನೆ ಜಟಕಾದಿಂದ ಇಳಿದಳು. ನಾನು ರಸೀತಿಗೆಂದು ಕೈ ಚಾಚಿ ನಿಂತಿದ್ದೆ. ಅವಳು ನೇರ ಹಿತ್ತಿಲಿಗೆ ಹೋದಳು.

ನನ್ನ ಬುದ್ಧಿಮಾತು ಇಷ್ಟೇ: ನಿಮ್ಮೂರು ಯಾವುದೆಂದು ಮನಸ್ಸನ್ನು ಕೇಳಿ, ಎಲ್ಲಿರುತ್ತೀರೆಂದು ದಿನಗಳನ್ನು ಎಣಿಸಿ. ಕಟ್ಟಿದ ತೆರಿಗೆಯ ರಸೀತಿಯನ್ನು ಜೋಪಾನ ಮಾಡುವವರ ಮಾತನ್ನು ಎರಡು ವರ್ಷ ತಳ್ಳಬೇಡಿ.

ಅವಳು ಬಾವಿಯಿಂದ ಒಂದು ಬಿಂದಿಗೆ ಸೇದಿ, ಬೊಗಸೆಯಲ್ಲಿ ನೀರು ಕುಡಿದು, “ಸೀ ಐತೆ ಕಣ್ರಿ” ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು.