ಕಣ್ಣು ಮುಚ್ಚಿಕೊಂಡು ಆರಿಸಿದ ಕಂಪ್ಯೂಟರ್

ಬಾಗಲಕೋಟೆಯ ಕಣ್ಣಿನ ದವಾಖಾನೆಯಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಬಟ್ಟಲಿನಂಥ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸುತ್ತಾರೆ. ಒಳಗೆ ಎಲ್ಲೆಲ್ಲೋ ಸಾಸಿವೆಯಷ್ಟು ಬೆಳಕು ಮಿಣುಕುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಮೊದಮೊದಲು ಟಕಟಕ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಯಂತ್ರವೇ ನಿಂತಿರಬೇಕು ಅಂದುಕೊಂಡೆ. ಆದರೆ ಅದರ ಸಣ್ಣ ಸದ್ದು ನಡೆದೇ ಇತ್ತು. ಬೆಳಕು ಬರುತ್ತಿದೆ, ನನಗೆ ಕಾಣುತ್ತಿಲ್ಲ ಎಂದು ಆಗ ತಿಳಿಯಿತು. ಕಾಣದಿದ್ದರೂ ಎರಡು ಸಲ ಸುಳ್ಳೇ ಒತ್ತಿದೆ.

“ಕಣ್ಣಿನ ನರ ಒಣಗಾಕತ್ತೈತ್ರಿ,” ಎಂದರು ಡಾಕ್ಟರು. “ಹೋದದ್ದು ತಿರುಗಿ ಬರೂದಿಲ್ಲ. ಉಳಿದದ್ದನ್ನ ಹನಿ ಹಾಕ್ಕೊಂಡು ಕಾಯೋಣು.”

“ಎಷ್ಟ ದಿನ ಉಳೀತೈತ್ರಿ?”

“ಅದನ್ನ ಹೇಳಾಕ ಬರೂದಿಲ್ಲರಿ.”

ವಿದ್ಯಾಗಿರಿ ಬಡಾವಣೆಯ ನಮ್ಮ ಮನೆಗೆ ಬಂದು ಅನ್ನಕ್ಕಿಟ್ಟೆ. ಕಣ್ಣಿಲ್ಲದಿದ್ದರೂ ರೊಟ್ಟಿ ಬಡಿಯಬಲ್ಲೆ, ಅಕ್ಕಿ ಆರಿಸಲಾರೆ, ಅದಕ್ಕೆ ಯಾರನ್ನಾದರೂ ಕರೆಯಬಹುದು ಎಂದೆಲ್ಲ ಲೆಕ್ಕ ಹಾಕುತ್ತಾ ಹೋದೆ. ಒಂದು ಕಡೆಗೆ ಬಂದು ಮನಸ್ಸು ನಿಂತುಬಿಟ್ಟಿತು. ನನ್ನ ಬರಹ ಓದುವವರು ಯಾರು?

ಮದುವೆಗೆ ಮುಂಚೆ ಇಳಕಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದೆ. ಮನೆಗೆ ಕಂಪ್ಯೂಟರ್ ಬಂದ ಮೇಲೆ, ಅದೇ ಪಳಗಿದ ಕೈಯಿಂದ, ಅದೇ ಪ್ರೆಸ್ಸಿನ ಫಾಂಟಿನಲ್ಲಿ, ದಿನಾ ಮಧ್ಯಾಹ್ನ ಅರ್ಧ ಪುಟ ಬರೆಯುವ ರೂಢಿಯಾಯಿತು. ಯಾವ ಪಲ್ಯ ಮಾಡಿದೆ, ಯಾರು ಬಂದರು, ನಳದ ನೀರು ಎಷ್ಟು ಹೊತ್ತಿಗೆ ಬಂತು. ತನ್ನ ಕೊನೆಯ ಎರಡು ವರ್ಷ ಅವ್ವ ನಮ್ಮ ಮನೆಯಲ್ಲಿದ್ದಳು. ದಿನಕ್ಕೊಂದು ಮುಖ ಮರೆಯುತ್ತಿದ್ದ ಅವಳು ಆಡಿದ ಮಾತುಗಳೆಲ್ಲ ಅದರಲ್ಲಿವೆ. ಹದಿನೇಳು ವರ್ಷದ ಬರಹ. ನಮ್ಮವರಿಗೂ ತೋರಿಸಿದ್ದಿಲ್ಲ. ಓದಿ ಹೇಳಿರೆಂದು ಒಬ್ಬರನ್ನು ಕೇಳುವಂಥದ್ದಲ್ಲ ಅದು.

ಈಗಿನ ಕಂಪ್ಯೂಟರುಗಳು ಪರದೆಯ ಮೇಲಿನದನ್ನು ಓದಿ ಹೇಳುತ್ತವೆ ಎಂದು ಕೇಳಿದ್ದೆ. ನಮ್ಮ ಹಳೆಯದು ಆರಂಭವಾಗಲಿಕ್ಕೇ ಒಂದು ಚಹಾದ ಹೊತ್ತು ತೆಗೆದುಕೊಳ್ಳುತ್ತಿತ್ತು. ಹೊಸದು ಬೇಕು, ಅದೂ ಕಣ್ಣಿರುವಾಗಲೇ ಕೈಗೆ ಕಲಿಸಿಕೊಳ್ಳಬೇಕು. ವಿಂಡೋಸೋ, ಮ್ಯಾಕೋ? ಕಣ್ಣಿಲ್ಲದೆ ಒತ್ತಬೇಕಾದ ಕೀಲಿಗಳನ್ನು ಎರಡರಲ್ಲೂ ಕಲಿಯುವಷ್ಟು ವಯಸ್ಸೂ ಇಲ್ಲ, ವೇಳೆಯೂ ಇಲ್ಲ. ತಪ್ಪು ಆರಿಸಿದರೆ ತಿದ್ದಿಕೊಳ್ಳುವ ಹೊತ್ತಿಗೆ ಕತ್ತಲೆಯಾಗಿರುತ್ತದೆ ಎಂಬ ಭಯ ಊಟದ ತಾಟಿನ ಮುಂದೂ ಬಂದು ಕೂರುತ್ತಿತ್ತು.

ತಮ್ಮನದು ಬಾದಾಮಿಯಲ್ಲಿ ಫೋಟೋ ಸ್ಟುಡಿಯೋ. ಗುಹೆಗಳ ಮುಂದೆ ನಿಲ್ಲಿಸಿ ತೆಗೆದ ಮದುಮಕ್ಕಳ ಫೋಟೋಗಳನ್ನು ಮ್ಯಾಕ್‌ನಲ್ಲಿ ತಿದ್ದುತ್ತಾನೆ. ಅವನಲ್ಲಿ ಒಂದು ಮ್ಯಾಕ್ ಹೆಚ್ಚಿಗೆ ಇತ್ತು.

“ಅಕ್ಕಾ, ಆ ನಿನ್ನ ಡಬ್ಬಿ ಗುಜರಿಗೆ ಹಾಕು. ಇದನ್ನ ತಗೊಂಡು ಹೋಗು,” ಎಂದ.

“ತಡಿಯೋ. ಮೊದಲ ಅದು ಮಾತಾಡಲಿ.”

ಕಣ್ಣು ಮುಚ್ಚಿ ಕುಳಿತೆ. ಅಂದಿನ ಸುದ್ದಿಯನ್ನು ಒಂದು ಹೆಣ್ಣುದನಿ ಓದಿತು. ರೇಡಿಯೋದಲ್ಲಿ ಬರುವಂಥ ಮೆತ್ತನೆಯ ದನಿ. ಈ ದನಿ ಜೊತೆಗಿದ್ದರೆ ಕತ್ತಲಲ್ಲೂ ಕೂರಬಹುದು ಅನ್ನಿಸಿತು. ಮನಸ್ಸು ಅಲ್ಲೇ ಅರ್ಧ ಒಪ್ಪಿತ್ತು.

ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮವರು ತಡೆದರು. “ಕಣ್ಣ ಇಲ್ಲದವ್ರು ಹೆಂಗ ಮಾಡ್ತಾರ ನೋಡದನ ಹೆಂಗ ತಗೊಳ್ತಿ? ಹುನಗುಂದದಾಗ ನನಗ ಗೊತ್ತಿದ್ದವ್ರೊಬ್ರು ಅದಾರ.”

ಅವರು ಬ್ಯಾಂಕಿನಲ್ಲಿ ನೌಕರರು, ಹುಟ್ಟಾ ಕಣ್ಣಿಲ್ಲದವರು. ಒಂದು ರವಿವಾರ ಅವರ ಮನೆಗೆ ಹೋದೆವು. ಅವರ ಲ್ಯಾಪ್‌ಟಾಪಿನ ಪರದೆ ಪೂರ್ತಿ ಕಪ್ಪಗಿತ್ತು.

“ಚಾಲೂ ಐತೇನ್ರಿ?” ಎಂದು ಕೇಳಿದೆ.

“ಐತ್ರಿ ಅಕ್ಕಾರ. ದೀಪ ಹಚ್ಚಿ ಯಾರಿಗೆ ತೋರಸ್ಲಿ?” ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಆ ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು.

ಅವರದು ವಿಂಡೋಸ್. ಅದರೊಳಗೆ ಅವರು ಹಾಕಿಕೊಂಡಿದ್ದ ದನಿ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಪಟಪಟ ಓಡುತ್ತಿತ್ತು. ನನಗೊಂದು ಮಾತೂ ತಿಳಿಯಲಿಲ್ಲ. ಮ್ಯಾಕಿನ ಹೆಣ್ಣುದನಿಯೇ ವಾಸಿ ಅಂದುಕೊಳ್ಳುತ್ತಿದ್ದೆ. ಆಗ ಅವರು, “ನಿಮ್ಮ ಬರಹ ತಂದೀರೇನ್ರಿ?” ಎಂದರು. ಫೋನಿನಲ್ಲೇ ತರಲು ಹೇಳಿದ್ದರು, ಪೆನ್‌ಡ್ರೈವ್ ಕೊಟ್ಟೆ.

ದನಿ ನಿಧಾನ ಮಾಡಿ ಓದಿಸಿದರು. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆ, ಮತ್ತೆ ಅಕ್ಷರ. ಕನ್ನಡದ ಒಂದು ಶಬ್ದವೂ ಇಲ್ಲ.

“ಯಂತ್ರ ಕೆಟ್ಟಿರಬೇಕ್ರಿ,” ಎಂದೆ.

“ಯಂತ್ರ ಸರಿ ಐತ್ರಿ. ಪ್ರೆಸ್ಸಿನ ಫಾಂಟ್ ಅಲ್ಲೇನ್ರಿ ನಿಮ್ಮದು? ಅದು ಇಂಗ್ಲಿಷ್ ಅಕ್ಷರಕ್ಕ ಕನ್ನಡದ ಅಂಗಿ ತೊಡಸಿದಂಗ. ನೋಡವ್ರಿಗಷ್ಟ ಕನ್ನಡ. ಕೇಳವ್ರಿಗೆ ಏನೂ ಇಲ್ಲ.”

ಅಲ್ಲಿಂದಲೇ ತಮ್ಮನಿಗೂ ಫೈಲು ಕಳಿಸಿ ಫೋನ್ ಮಾಡಿದೆ. “ಇಲ್ಲೂ ಹಂಗ ಐತಿ ಅಕ್ಕಾ, ಎ ಬಿ ಸಿ ಒದರಾಕತ್ತೈತಿ,” ಎಂದ. ಹದಿನೇಳು ವರ್ಷ ನಾನು ಬರೆದದ್ದು ನನ್ನ ಕಣ್ಣೊಳಗೆ ಮಾತ್ರ ಇತ್ತು. ಕಣ್ಣಿನ ಜೊತೆಗೇ ಹೋಗುವಂಥದ್ದು.

ಬ್ಯಾಂಕಿನವರು ಒಂದಷ್ಟು ಹೊತ್ತು ಕೀಲಿ ಒತ್ತುತ್ತಿದ್ದರು. ಹಳೆಯ ಫಾಂಟಿನ ಬರಹವನ್ನು ಎಲ್ಲ ಯಂತ್ರಗಳಿಗೂ ತಿಳಿಯುವ ಕನ್ನಡಕ್ಕೆ ತಿರುಗಿಸುವ ಒಂದು ಸಾಫ್ಟ್‌ವೇರ್ ಅವರಲ್ಲಿತ್ತು. ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುವುದು. ಒಂದು ಪುಟ ತಿರುಗಿಸಿ ಓದಿಸಿದರು. ಆ ಒರಟು ದನಿ ಹೇಳಿತು: ಅವ್ವ ಇವತ್ತು ಅರ್ಧ ರೊಟ್ಟಿ ಉಂಡಳು. ನಾನ್ಯಾರು ಎಂದು ಕೇಳಿದರೆ, ನನ್ನ ತಂಗಿ ಎಂದಳು.

ಅವರು ತಟ್ಟನೆ ನಿಲ್ಲಿಸಿದರು. ಕಿವಿಗೆ ಹಾಕುವ ವೈರನ್ನು ತಡವಿ ತೆಗೆದು ನನ್ನ ಕಡೆ ಚಾಚಿದರು. “ಮನಿ ಮಾತದಾವ್ರಿ. ನೀವ ಕೇಳ್ಕೊಳ್ರಿ.”

ಮುಂದೆ ಅಲ್ಲಲ್ಲಿ ಶಬ್ದಗಳು ಒಡೆದು ಬಂದವು. ತಿರುಗಿಸಿದ ಪ್ರತಿ ಪುಟವನ್ನೂ ಹಳೆಯದರ ಜೊತೆ ಹೋಲಿಸಿ ತಿದ್ದಬೇಕು, ಅದಕ್ಕೆ ಕಣ್ಣೇ ಬೇಕು ಎಂದರು. ಇದಕ್ಕೆಷ್ಟು ವರ್ಷ ಬೇಕೋ, ಅಷ್ಟು ವರ್ಷ ನಾನು ಕೂರುವುದು ಇದೇ ಯಂತ್ರದ ಮುಂದೆ ಎಂದಾಯಿತು. ಕಣ್ಣಿಲ್ಲದೆ ಇದನ್ನು ನಡೆಸಲು ಕಲಿಸುವವರೂ ನನಗೆ ಗೊತ್ತಿದ್ದಂತೆ ಇವರೊಬ್ಬರೇ. ಹಿಂದಿನ ಬರಹಕ್ಕೊಂದು, ಮುಂದಿನದಕ್ಕೊಂದು ಎಂದು ಎರಡು ಯಂತ್ರ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ. ತಮ್ಮನಿಗೆ ಮ್ಯಾಕ್ ಬೇಡವೆಂದೆ.

“ಆ ತಗಡಿನ ದನಿ ಸಾಯೋತನಕ ಕೇಳ್ತೀಯೇನಕ್ಕ?” ಎಂದ.

“ಅವ್ವನ ಮಾತ ಹೇಳಿದ್ರ ಸಾಕೋ,” ಎಂದೆ.

ವಿಂಡೋಸ್ ಲ್ಯಾಪ್‌ಟಾಪ್ ಬಂತು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಮೊದಲ ವರ್ಷದಿಂದ ಹಿಡಿದರೆ ಅವ್ವನವರೆಗೆ ತಲುಪುತ್ತೇನೋ ಇಲ್ಲವೋ ಎಂದು ಹೆದರಿ, ಅವಳ ವರ್ಷಗಳಿಂದಲೇ ಶುರು ಮಾಡಿದೆ. ಮುಗಿದ ಪುಟಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಗುರುತು. ಹಬ್ಬದ ದಿನವೂ ಬಿಡಲಿಲ್ಲ. ಎರಡು ತಿಂಗಳಿಗೆ ಒಂದು ವರ್ಷದ ಬರಹ ಮುಗಿಯಿತು.

ಆಗ ಒಂದು ಮಧ್ಯಾಹ್ನ, ಮುಗಿದ ಪುಟವೊಂದನ್ನು ಸುಮ್ಮನೆ ಕೇಳೋಣ ಎಂದು ಹಚ್ಚಿದೆ. ದನಿ ನಡುವೆ ಏನೋ ತೊದಲಿತು. ತಿದ್ದಿದ ಪುಟ ಅದು. ಪರದೆ ನೋಡಿದೆ, ಎಲ್ಲ ಸರಿಯಿತ್ತು. ಮತ್ತೆ ಓದಿಸಿದೆ. ಅದೇ ಜಾಗದಲ್ಲಿ ತೊದಲಿತು. ಮುಖವನ್ನು ಸ್ವಲ್ಪ ಎಡಕ್ಕೆ ಹೊರಳಿಸಿದಾಗ ಸಾಲಿನ ಮೊದಲಲ್ಲಿ ಒಡೆದ ಶಬ್ದ ಕಂಡಿತು. ಅಲ್ಲೇ ಇತ್ತು. ನನ್ನ ಕಣ್ಣಿಗೆ ಮಾತ್ರ ಇರಲಿಲ್ಲ.

ಗುರುತು ಹಾಕಿದ ಇನ್ನಷ್ಟು ಪುಟಗಳನ್ನು ತೆಗೆದು ಕೇಳಿದೆ. ಎಲ್ಲದರಲ್ಲೂ ಸಾಲಿನ ಎಡಗಡೆಯ ಒಡೆದ ಶಬ್ದಗಳು ಹಾಗೇ ಉಳಿದಿದ್ದವು. ಎಷ್ಟು ದಿನದಿಂದ ಹೀಗೆ ಎಂದು ನನಗೇ ಗೊತ್ತಿರಲಿಲ್ಲ.

ಸಂಜೆ ನಮ್ಮವರು ಆಫೀಸಿನಿಂದ ಬಂದು ಕಾಲು ತೊಳೆದುಕೊಂಡರು. ಚಹಾ ಕೊಟ್ಟು, “ಇಲ್ಲಿ ಬಂದು ಒಂದೀಟ ಕುಂದರ್ರಿ. ಹೊಸದರಾಗಿನ ಸಾಲನ್ನ ಎಡಗಡೆ ತುದಿಯಿಂದ ನನಗ ಓದಿ ಹೇಳ್ರಿ,” ಎಂದೆ.

ಅವರು ಚಷ್ಮಾ ಹಾಕಿಕೊಂಡು ಓದತೊಡಗಿದರು. ಮೂರನೇ ಪುಟದಲ್ಲಿ ದನಿ ಸಣ್ಣದಾಯಿತು. “‘ಇವರು ತಾಟು ಸರಿಸಿ ಎದ್ದು ಹೋದರು. ಅವ್ವ ಹೆದರಿ ಮೂಲೆ ಸೇರಿದಳು. ಅವಳ ಮುಂದೆ ಹಾಗೆ ಮಾಡಬಾರದಿತ್ತು.’”

ಚಹಾ ಆರುತ್ತಿತ್ತು.

“ಇದನ್ನೂ ತಿದ್ದೂದೇನು?” ಎಂದರು.

“ಶಬ್ದ ಒಡದಾವೇನ್ರಿ?”

“ಇಲ್ಲ. ಸರಿ ಅದಾವ.”

“ಹಂಗಾದ್ರ ಮುಂದ ಓದ್ರಿ.”

ಅವರು ಕುರ್ಚಿಯನ್ನು ನನ್ನ ಎಡಕ್ಕೆ ಎಳೆದುಕೊಂಡು ಕುಳಿತರು. ಆ ಕಡೆ ನನಗೆ ಅವರ ಮುಖ ಕಾಣಲಿಲ್ಲ. ಅವರ ದನಿ ಮುಂದಿನ ಸಾಲಿಗೆ ಹೋಯಿತು.